ತೊರೆಕಪ್ಪೆಗೆ ಕೊಟ್ಟ ಕೊಸರು

ಈ ಕೆಲಸದಲ್ಲಿ ನಾನು ಕಳೆದುಕೊಂಡದ್ದು ಇಷ್ಟು: ಒಂದು ಹೊಸ ಪಂಪು, ಚೆನ್ನಾಗಿಯೇ ಓಡುತ್ತಿದ್ದ ಒಂದು ಚಿಲ್ಲರ್, ಬರ್ಮಿಂಗ್‌ಹ್ಯಾಮಿನ ಕನ್ನಡದ ಮನೆಗಳಲ್ಲಿ ನನಗಿದ್ದ ಜಾಣೆ ಎಂಬ ಹೆಸರು, ಮತ್ತು ಒಂದು ಕಪ್ಪೆಯ ಜೀವ. ಮೊದಲ ಮೂರನ್ನು ಮತ್ತೆ ಸಂಪಾದಿಸಿಕೊಳ್ಳಬಹುದು, ಸಂಪಾದಿಸಿಕೊಳ್ಳುತ್ತಲೂ ಇದ್ದೇನೆ. ನಾಲ್ಕನೆಯದಕ್ಕೆ ದಾರಿಯಿಲ್ಲ. ಯಾಕೆ ಕಳೆದುಕೊಂಡೆ ಎಂದರೆ, ನನ್ನ ಕಿವಿಗೆ ಬೀಳದ್ದು ಲೋಕದಲ್ಲೇ ಇಲ್ಲ ಎಂದುಕೊಂಡಿದ್ದೆ. ವ್ಯಾಪಾರದಲ್ಲಿ ಯಾರೂ ನನಗೆ ಟೋಪಿ ಹಾಕಲಾರರು ಎಂದು ಎದೆ ತಟ್ಟಿಕೊಳ್ಳುತ್ತಿದ್ದವಳಿಗೆ ಟೋಪಿ ಹಾಕಿದ್ದು ನನ್ನದೇ ಔದಾರ್ಯ.

ನನ್ನ ಕಸುಬು ತಣ್ಣೀರಿನದು. ಇಂಗ್ಲೆಂಡಿನ ನಡುಭಾಗದ ಮಿಡ್‌ಲ್ಯಾಂಡ್ಸಿನಲ್ಲಿ ಬಾಗಿಲು ಮುಚ್ಚುವ ಪಬ್ಬುಗಳಿಂದ ಬಿಯರ್ ಕೂಲರುಗಳನ್ನು ಎತ್ತಿ ತಂದು, ತೊಳೆದು, ರಿಪೇರಿ ಮಾಡಿ, ಮೀನಿನ ತೊಟ್ಟಿಗೆ ನೀರು ತಂಪು ಮಾಡುವ ಚಿಲ್ಲರುಗಳಾಗಿ ಮಾರುತ್ತೇನೆ. ಬಿಯರ್ ಕೂಲರಿನ ಒಳಗಿನ ಕೊಳವೆ ಸ್ಟೇನ್‌ಲೆಸ್ ಸ್ಟೀಲಿನದು, ತಾಮ್ರ ಬಿಡುವುದಿಲ್ಲ. ತಾಮ್ರ ಬಿಟ್ಟರೆ ನೀರಿನ ಜೀವಿಗಳು ಉಳಿಯುವುದಿಲ್ಲ. ಇದನ್ನು ತಿಳಿದವರು ಕಡಿಮೆ, ಹಾಗಾಗಿ ನನ್ನ ಹೊಟ್ಟೆ ತುಂಬಿದೆ.

ಒಂದು ದಿನ ನಾಟಿಂಗ್‌ಹ್ಯಾಮ್ ಪಕ್ಕದ ಬೀಸ್ಟನ್‌ನಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಮೈಸೂರಿನವಳು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಪ್ಪೆಗಳ ಚರ್ಮರೋಗದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದಳು.

"ಆಂಟಿ, ನೀವು ಕನ್ನಡದವ್ರು ಅಂತ ಗೊತ್ತಾಯ್ತು. ನನಗೊಂದು ತೊರೆ ಬೇಕು."

"ತೊರೆನಾ? ಎಷ್ಟು ಉದ್ದ?"

"ಒಂದು ಕೋಣೆಯಷ್ಟು."

ವಿಷಯ ಇದು. ವಿಮಾನ ನಿಲ್ದಾಣವೊಂದರಲ್ಲಿ ಯಾರದೋ ಸೂಟ್‌ಕೇಸಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ್ದ ಕಪ್ಪೆಗಳನ್ನು ಹಿಡಿದಿದ್ದರು. ಆಗ್ನೇಯ ಏಷ್ಯಾದ ಯಾವುದೋ ಕಾಡಿನ ತೊರೆಯವು ಎಂಬುದು ಬಿಟ್ಟರೆ ಜಾತಿ ತಿಳಿಯದು. ರೋಗ ಹರಡೀತೆಂಬ ಭಯದಿಂದ ಮರಳಿ ಕಾಡಿಗೆ ಬಿಡುವಂತಿಲ್ಲ. ಚರ್ಮ ಪರೀಕ್ಷೆಗೆಂದು ಇವಳ ವಿಭಾಗ ಇಟ್ಟುಕೊಂಡಿತ್ತು. ಮೇಲಿನವರ ಷರತ್ತು ಒಂದೇ: ಬೇಸಿಗೆ ಟರ್ಮ್ ಮುಗಿಯುವುದರೊಳಗೆ ಅವು ಮೊಟ್ಟೆಯಿಟ್ಟರೆ ಕೋಣೆ ಕಪ್ಪೆಗಳದ್ದು. ಇಲ್ಲವಾದರೆ ಕೋಣೆ ಬೇರೆ ಪ್ರಾಜೆಕ್ಟಿಗೆ, ಕಪ್ಪೆಗಳಿಗೆ ಪಶುವೈದ್ಯರ ಸೂಜಿ. ಬೇರೆಲ್ಲೂ ಅವನ್ನು ತೆಗೆದುಕೊಳ್ಳುವವರು ಇರಲಿಲ್ಲ.

"ಸಾಯಿಸ್ತಾರಾ?" ಎಂದೆ.

"ನೋವಿಲ್ದೆ, ಅಂತಾರೆ," ಎಂದಳು.

ಕೋಣೆ ಇದ್ದದ್ದು ಹಳೆಯ ಕಟ್ಟಡದ ಹಿಂಭಾಗದಲ್ಲಿ. ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ, ಅದರಲ್ಲಿ ಬೂಟು ಅದ್ದಿಯೇ ಒಳಗೆ ಹೋಗಬೇಕು. ಅಲ್ಲಿನ ಉಸ್ತುವಾರಿ ಒಬ್ಬ ಮ್ಯಾನೇಜರ್, ನಾಟಿಂಗ್‌ಹ್ಯಾಮಿನಲ್ಲೇ ಹುಟ್ಟಿ ಬೆಳೆದ ದಪ್ಪ ಮೀಸೆಯ ಮನುಷ್ಯ. ಆ ಕಡೆಯವರಂತೆ ಅಕ್ಕರೆಗೆ ಎಲ್ಲರನ್ನೂ "ಡಕ್" ಎಂದೇ ಕರೆಯುತ್ತಿದ್ದ. ಪ್ರೊಫೆಸರನ್ನೂ, ನನ್ನನ್ನೂ, ಕೊರಿಯರ್ ಹುಡುಗನನ್ನೂ. ನನ್ನ ಸಾಮಾನನ್ನೆಲ್ಲ ಮೂಸಿ ನೋಡಿ, "ಇದು ಪಬ್ಬಿನ ವಾಸನೆ ಬರ್ತಿದೆಯಲ್ಲ, ಡಕ್," ಎಂದ.

"ಕಪ್ಪೆಗಳು ದೂರು ಕೊಟ್ಟರೆ ವಾಪಸ್ ಒಯ್ಯುತ್ತೇನೆ," ಎಂದೆ. ನಕ್ಕ. ಒಳಗೆ ಬಿಟ್ಟ.

ತೊರೆ ಕಟ್ಟುವುದು ಹೀಗೆ. ಕೆಳಗೆ ದೊಡ್ಡ ತೊಟ್ಟಿ, ಅಲ್ಲಿಂದ ಪಂಪು ನೀರನ್ನು ಮೇಲಕ್ಕೆ ತಳ್ಳುತ್ತದೆ, ಚಿಲ್ಲರ್ ತಂಪು ಮಾಡುತ್ತದೆ, ನೀರು ಕಲ್ಲುಗಳ ಮೇಲೆ ಧುಮುಕಿ ಮತ್ತೆ ತೊಟ್ಟಿಗೆ ಬರುತ್ತದೆ. ಗಾಳಿ ಉಷ್ಣವಲಯದ್ದು, ನೀರು ಬೆಟ್ಟದ್ದು. ಈ ಎರಡನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದೇ ಕಷ್ಟ. ಇಲ್ಲಿನ ನಲ್ಲಿ ನೀರು ಗಡಸು, ಅದರಲ್ಲಿ ಕ್ಲೋರಿನ್ ಬೇರೆ. ಹಾಗಾಗಿ ಶುದ್ಧೀಕರಿಸಿದ ನೀರಿಗೆ ಬೇಕಾದಷ್ಟೇ ಲವಣ ಬೆರೆಸಿದೆವು. ಹಳೆಯ ಮನೆಯೊಂದರ ಮಾಡಿನಿಂದ ಇಳಿಸಿದ ಸ್ಲೇಟುಗಳನ್ನು ಕುದಿಸಿ, ಉಜ್ಜಿ, ಅಡ್ಡಡ್ಡ ಜೋಡಿಸಿ ಜಲಪಾತ ಮಾಡಿದೆ. ಬಲ್ಬುಗಳ ಗಡಿಯಾರವನ್ನು ತಿರುಗುಮುರುಗಾಗಿ ಇಟ್ಟೆವು. ನಮಗೆ ಹಗಲಾದಾಗ ಕಪ್ಪೆಗಳಿಗೆ ಇರುಳು, ಅವುಗಳ ಓಡಾಟ ಕೆಲಸದ ವೇಳೆಯಲ್ಲೇ ಕಾಣುತ್ತದೆ.

ಎಲ್ಲ ಮುಗಿದ ಮೇಲೆ ವ್ಯಾನಿನ ಪಕ್ಕದಲ್ಲಿ ಚೌಕಾಸಿ. ಹುಡುಗಿ ಕಡಿಮೆಯವಳಲ್ಲ. ಬೆಲೆಯನ್ನು ಜಗ್ಗಿ ಜಗ್ಗಿ ಇಳಿಸಿ, ಕೈ ಕುಲುಕಿದ ಮೇಲೂ ನಿಂತೇ ಇದ್ದಳು.

"ಮತ್ತೇನಮ್ಮಾ?"

"ಕೊಸರು, ಆಂಟಿ."

"ಆಹಾ! ಇದೇನು ಸೊಪ್ಪಿನ ಅಂಗಡಿನಾ?"

"ನಮ್ಮಮ್ಮ ಎರಡು ಕಟ್ಟು ದಂಟು ತಗೊಂಡ್ರೂ ಒಂದು ಎಸಳು ಕರಿಬೇವು ಇಲ್ದೆ ಅಲ್ಲಿಂದ ಕದಲಲ್ಲ. ನೀವು ನನ್ನನ್ನ ಬರಿಗೈಲಿ ಕಳಿಸ್ತೀರಾ?"

ಇಂಥ ಮಾತಿಗೆ ಸೋಲದ ಕನ್ನಡದವರು ಯಾರಿದ್ದಾರೆ? ವ್ಯಾನಿನಲ್ಲಿ ನನ್ನ ಕೊಸರಿನ ಪೆಟ್ಟಿಗೆ ಯಾವಾಗಲೂ ಇರುತ್ತದೆ. ಅದರಲ್ಲಿರುವುದು ಇಲಿ ಓಡಿಸುವ ಪ್ಲಗ್ಗು. ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್‌ನ ನಮ್ಮ ಹಳೆಯ ಮನೆಗೆ ಇಲಿ ಬಂದಾಗ ಅತ್ತೆ ಬೋನೂ ಬೇಡ, ವಿಷವೂ ಬೇಡ, ಗಣಪತಿಯ ವಾಹನ ಎಂದು ಪಟ್ಟು ಹಿಡಿದಿದ್ದರು. ಆಗ ಈ ಪ್ಲಗ್ಗು ಸಿಕ್ಕಿತು. ಗೋಡೆಗೆ ಚುಚ್ಚಿದರೆ ಹಸಿರು ದೀಪ ಹತ್ತುತ್ತದೆ, ಇಲಿ ತಾನಾಗಿ ಬೇರೆಯವರ ಮನೆ ನೋಡಿಕೊಳ್ಳುತ್ತದೆ. ನಮ್ಮವರಿಗೆಲ್ಲ ಇದೇ ಬೇಕು ಎಂದು ಸಗಟಿನಲ್ಲಿ ಕೊಂಡು, ವ್ಯಾಪಾರ ಕುದುರಿದವರಿಗೆಲ್ಲ ಒಂದೊಂದು ಕೊಡುತ್ತಿದ್ದೆ.

"ಅಯ್ಯೋ, ಇದೇ ಬೇಕಿತ್ತು!" ಎಂದಳು. ಕಪ್ಪೆಗಳ ಆಹಾರಕ್ಕೆಂದು ಸಾಕಿದ್ದ ಮಿಡತೆಗಳ ಡಬ್ಬಕ್ಕೆ, ಅವುಗಳ ತೌಡಿನ ಆಸೆಗೆ, ಇಲಿ ಹಲ್ಲು ಹಾಕಿತ್ತಂತೆ. ಒಳಗೆ ಹೋಗಿ ಡಬ್ಬಗಳ ಕಪಾಟಿನ ಹಿಂದೆ ಅದನ್ನು ಚುಚ್ಚಿ ಬಂದಳು. ಆಮೇಲೆ ಅದರ ಮುಂದೆ ಡಬ್ಬಗಳು ಪೇರಿಕೊಂಡವು. ಇಲಿ ಮತ್ತೆ ಬರಲಿಲ್ಲ. ನಾವಿಬ್ಬರೂ ಅದನ್ನು ಮರೆತೆವು.

ವಾರಗಳು ಕಳೆದವು. ನೀರಿನ ಪರೀಕ್ಷೆ ಸರಿಯಾಗಿತ್ತು. ಕಪ್ಪೆಗಳ ಮೈಬಣ್ಣ ತಿಳಿಯಾಯಿತು. ಆದರೆ ಸದ್ದಿಲ್ಲ. ಗಂಡು ಕಪ್ಪೆ ಕೂಗಬೇಕು, ಹೆಣ್ಣು ಹತ್ತಿರ ಬರಬೇಕು, ಆಮೇಲೆ ಮೊಟ್ಟೆ. ಇವು ಕೂಗುವುದೇ ಇಲ್ಲ. ಸರ್ವಿಸಿಗೆ ಹೋದಾಗ ನಾನೂ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಸ್ಲೇಟಿನ ಮೇಲೆ ಒಂದು ಗಂಡು, ಕಂದು ಮೈ, ಉದ್ದ ಕಾಲು, ಕಿವಿಯ ಜಾಗದಲ್ಲಿ ಒಳಕ್ಕೆ ಇಳಿದ ಚಿಕ್ಕ ಗುಳಿ. ಅದರ ಗಂಟಲ ಪಕ್ಕ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಉಬ್ಬುತ್ತಿತ್ತು.

"ಇದೇನಮ್ಮಾ, ಫೋನಿನ ಥರ ಸೈಲೆಂಟ್ ಮೋಡಲ್ಲಿದೆ?" ಎಂದೆ.

"ಉಸಿರಾಡ್ತಿದೆ ಅನ್ಸತ್ತೆ, ಆಂಟಿ," ಎಂದು ಅವಳೂ ನಕ್ಕಳು.

ಆ ನಗು ಈಗಲೂ ನನ್ನ ಎದೆಯಲ್ಲಿ ಮುಳ್ಳಿನಂತಿದೆ.

ಆಗ ಜಾತಿ ಪತ್ತೆಗೆ ಕಳಿಸಿದ್ದ ಪರೀಕ್ಷೆಯ ಫಲಿತಾಂಶ ಬಂತು. ಹುಡುಗಿ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಅವು ಬೋರ್ನಿಯೋದ ಕಪ್ಪೆಗಳು. ಆ ಒಂದೇ ದ್ವೀಪದ ಬೆಟ್ಟದ ತೊರೆಗಳ ದಡ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

"ಅದಿರ್ಲಿ ಆಂಟಿ, ಇದನ್ನ ಕೇಳಿ. ಇವು ಮೂಕ ಅಲ್ಲ. ಕೂಗ್ತವೆ. ನಮಗೆ ಕೇಳ್ಸಲ್ಲ ಅಷ್ಟೆ. ತೊರೆ ಭೋರ್ಗರೆಯೋ ಜಾಗ ಅಲ್ವಾ, ಆ ಸದ್ದನ್ನ ಮೀರಿಸೋಕೆ ಮನುಷ್ಯರ ಕಿವಿಗೆ ಎಟುಕದಷ್ಟು ಕೀಚಲು ದನಿಯಲ್ಲಿ ಕೂಗ್ತವಂತೆ. ನನ್ನ ಓದೆಲ್ಲ ಚರ್ಮದ ಮೇಲೆ, ನನಗಿದು ಗೊತ್ತೇ ಇರ್ಲಿಲ್ಲ."

ನಾನು ಎಂ-ಸಿಕ್ಸ್ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿದ್ದೆ. ಕೈಯಲ್ಲಿದ್ದ ಚಹಾ ತಣ್ಣಗಾಗುವವರೆಗೂ ಕುಡಿಯಲಿಲ್ಲ. ಆ ಉಬ್ಬಿ ಇಳಿಯುವ ಗಂಟಲು ಕಣ್ಣ ಮುಂದೆ ಬಂತು. ಅದು ಉಸಿರಾಟವಲ್ಲ. ನನ್ನ ಮೂಗಿನ ಮುಂದೆಯೇ ಗಂಟಲು ಹರಿಯುವಂತೆ ಕೂಗುತ್ತಿತ್ತು, ನಾನು ತಮಾಷೆ ಮಾಡಿದ್ದೆ.

ಈ ದೇಶದಲ್ಲಿ ಸಂಜೆ ಹೊತ್ತು ಬಾವಲಿ ಎಣಿಸುವುದನ್ನು ಹವ್ಯಾಸ ಮಾಡಿಕೊಂಡವರಿದ್ದಾರೆ. ಅವರ ಬಳಿ ಬ್ಯಾಟ್ ಡಿಟೆಕ್ಟರ್ ಎಂಬ ಅಂಗೈಯಗಲದ ಯಂತ್ರವಿರುತ್ತದೆ. ನಮಗೆ ಕೇಳಿಸದ ದನಿಯನ್ನು ಹಿಡಿದು, ಇಳಿಸಿ, ಕೇಳುವ ಹಾಗೆ ಮಾಡುತ್ತದೆ. ಹುಡುಗಿ ಅಂಥದ್ದೊಂದನ್ನು ಎರವಲು ತಂದು ಕೋಣೆಯಲ್ಲಿ ಹಿಡಿದಳು. ಮರುಕ್ಷಣ ನನಗೆ ಫೋನು.

"ಆಂಟಿ, ನಿಮ್ಮ ಪಂಪು ಕಿರಚ್ತಿದೆ!"

ಫೋನನ್ನು ಯಂತ್ರದ ಹತ್ತಿರ ಹಿಡಿದಳು. ಕಬ್ಬಿಣದ ಮೇಲೆ ಗರಗಸ ಎಳೆದಂತೆ, ಏರುತ್ತಾ ಇಳಿಯುತ್ತಾ, ಬಿಡುವೇ ಇಲ್ಲದ ಸದ್ದು. ಇಷ್ಟು ಗಲಾಟೆಯಲ್ಲಿ ಯಾವ ಹೆಣ್ಣಿಗೆ ಯಾವ ಗಂಡಿನ ಕೂಗು ಕೇಳಿಸೀತು? ನನಗೆ ರೋಷ ಬಂತು. ನನ್ನ ಪಂಪಿಗೆ ಹೀಗನ್ನುವುದೆ? ಆದರೆ ವೇಗ ಬದಲಿಸುವ ಎಲೆಕ್ಟ್ರಾನಿಕ್ ಪಂಪುಗಳು ಸಣ್ಣಗೆ ಸಿಳ್ಳೆ ಹಾಕುವುದು ಸುಳ್ಳಲ್ಲ. ನೀರು ನಿಂತರೆ ಫಿಲ್ಟರಿನಲ್ಲಿ ಕೊಳೆ ತಿಂದು ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಸಾಯುತ್ತದೆ, ಹಾಗಾಗಿ ನಿಲ್ಲಿಸಿ ನೋಡುವ ಮಾತೇ ಬೇಡ ಎಂದುಕೊಂಡು, ಹೊಸ ಪಂಪನ್ನೇ ನನ್ನ ಖರ್ಚಿನಲ್ಲಿ ತಂದು ಎರಡೇ ನಿಮಿಷದಲ್ಲಿ ಬದಲಿಸಿದೆ.

ಗರಗಸ ನಿಲ್ಲಲಿಲ್ಲ.

ಚಿಲ್ಲರಿನ ಫ್ಯಾನ್ ಇರಬಹುದು ಎಂದೆ. ಇಡೀ ಚಿಲ್ಲರನ್ನೇ ಬದಲಿಸಿದೆ. ಗರಗಸ ಹಾಗೇ ಇತ್ತು. ಯಂತ್ರವನ್ನು ಆ ಕಡೆ ಈ ಕಡೆ ತಿರುಗಿಸಿ ಮೂಲ ಹುಡುಕೋಣವೆಂದರೆ ಗಾಜು, ಹೆಂಚಿನ ಗೋಡೆ, ಒದ್ದೆ ನೆಲ ಎಲ್ಲದಕ್ಕೂ ಬಡಿದು ಸದ್ದು ನಾಲ್ಕೂ ದಿಕ್ಕಿನಿಂದ ಬರುತ್ತಿತ್ತು. ನಾನು ಮಾರಿದ ಒಂದೊಂದು ಸಾಮಾನನ್ನೂ, ಕೊಳವೆಯ ಕ್ಲಿಪ್ಪನ್ನೂ ಬಿಡದೆ, ತಡವಿ ನೋಡಿದೆ. ಮಾರಿದ್ದನ್ನೆಲ್ಲ ನೋಡಿದೆ.

ಈ ನಡುವೆ ಆ ಸ್ಲೇಟಿನ ಮೇಲಿನ ಗಂಡು ಸತ್ತಿತು. ಮಿಡತೆ ಮುಂದಿಟ್ಟರೂ ತಿನ್ನದೆ ವಾರದಿಂದ ವಾರಕ್ಕೆ ಸೊರಗಿತ್ತು. ಕೊಯ್ದು ನೋಡಿದ ಪಶುವೈದ್ಯೆಗೆ ರೋಗ ಕಾಣಲಿಲ್ಲ. ಮೈಯಲ್ಲಿ ಕೊಬ್ಬಿನ ಎಳೆಯೂ ಉಳಿದಿರಲಿಲ್ಲ. ಕೂಗುವುದಕ್ಕೆ ಬಹಳ ಶಕ್ತಿ ಬೇಕು, ಉತ್ತರ ಬಾರದಿದ್ದರೆ ಕೂಗುತ್ತಲೇ ಇರುತ್ತವೆ, ಅದೇ ಕಾರಣವಿರಬಹುದು ಎಂದಳು.

ಅಂದು ಮನೆಗೆ ಹೋದಾಗ ಡಾಕ್ಟರಾದ ನನ್ನವರು ಆಸ್ಪತ್ರೆಯ ಪಾಳಿ ಮುಗಿಸಿ ಅನ್ನಕ್ಕೆ ಕೂತಿದ್ದರು. "ರೀ, ರೋಗ ಎಲ್ಲಿದೆ ಅಂತ ಗೊತ್ತಾಗದಿದ್ರೆ ನೀವೇನು ಮಾಡ್ತೀರಿ?" ಎಂದೆ.

"ಹೊಸ ಔಷಧಿ ಸೇರಿಸಲ್ಲ. ಕೊಡ್ತಿರೋದನ್ನೆಲ್ಲ ನಿಲ್ಲಿಸಿ, ಒಂದೊಂದಾಗಿ ಮತ್ತೆ ಶುರು ಮಾಡ್ತೀವಿ," ಎಂದರು. "ಯಾಕೆ, ಪಂಪಿಗೆ ಜ್ವರನಾ?"

ನಿರ್ಧಾರ ಆಗಿತ್ತು. ಕೋಣೆಯ ಮೇನ್ ಸ್ವಿಚ್ಚನ್ನೇ ಆರಿಸಬೇಕು.

ಮ್ಯಾನೇಜರ್ ಮೀಸೆ ಹಿಡಿದುಕೊಂಡ. "ಜೀವ ಇರೋ ಕೋಣೆಗೆ ಕರೆಂಟು ತೆಗೆಯೋದಾ? ನನ್ನ ಕೆಲಸ ಹೋಗುತ್ತೆ, ಡಕ್."

"ಟರ್ಮ್ ಮುಗಿದ ಮೇಲೆ ಅವಕ್ಕೆ ಕರೆಂಟೇ ಬೇಕಾಗಲ್ಲವಲ್ಲ," ಎಂದೆ.

ಅವನು ನೆಲ ನೋಡಿದ. "ಐದು ನಿಮಿಷ."

"ಅರ್ಧ ಗಂಟೆ."

"ಇದೇನು ಸಂತೇನಾ? ಹತ್ತು."

"ಇಪ್ಪತ್ತು ಕೊಡು. ಬ್ಯಾಟರಿಯ ಗಾಳಿಪಂಪು ತಂದಿದ್ದೇನೆ, ಫಿಲ್ಟರಿಗೆ ಉಸಿರು ನಿಲ್ಲುವುದಿಲ್ಲ. ನೀರು ಬಿಸಿಯಾದರೆ ನಾನೇ ಐಸಿನ ಬಾಟಲಿ ಇಳಿಸುತ್ತೇನೆ."

ಇಪ್ಪತ್ತಕ್ಕೆ ಕುದುರಿತು. ನನ್ನ ಜೀವಮಾನದಲ್ಲಿ ಮಾಡಿದ ಅತ್ಯಂತ ಒಳ್ಳೆಯ ವ್ಯಾಪಾರ ಅದೇ.

ಹೊರಗೆ ಬೆಳಗಿನ ಹತ್ತರ ಬಿಸಿಲು, ಒಳಗೆ ಕಪ್ಪೆಗಳ ಇರುಳು. ಹುಡುಗಿ ಯಂತ್ರ ಹಿಡಿದು ಗಾಜಿನ ಮುಂದೆ ನಿಂತಳು, ಅದರ ಗರಗಸ ಕೊರೆಯುತ್ತಲೇ ಇತ್ತು. ಮ್ಯಾನೇಜರ್ ಬಾಗಿಲಲ್ಲಿ. ನಾನು ಫ್ಯೂಸ್ ಪೆಟ್ಟಿಗೆ ತೆರೆದು ಮೇನ್ ಇಳಿಸಿದೆ.

ಗರಗಸ ನಿಂತಿತು. ಕತ್ತರಿಸಿದ ಹಾಗೆ. ಜಲಪಾತ ತೆಳುವಾಗಿ, ಎಳೆಯಾಗಿ, ಹನಿಯಾಯಿತು.

ಹುಡುಗಿ ಡಯಲನ್ನು ಕೂದಲೆಳೆಯಷ್ಟು ತಿರುಗಿಸಿದಳು. ಯಂತ್ರದಿಂದ ಒಂದು ದನಿ ಬಂತು. ಚಿರ್ರ್. ಸುಮ್ಮನಾಯಿತು. ಮತ್ತೆ ಚಿರ್ರ್. ಟಾರ್ಚಿನ ಕೆಂಪು ಬೆಳಕಿನಲ್ಲಿ ಕಲ್ಲಿನ ಮೇಲಿನ ಗಂಡೊಂದರ ಗಂಟಲು ಅದೇ ತಾಳಕ್ಕೆ ಉಬ್ಬುತ್ತಿತ್ತು. ಇನ್ನೊಂದು ಮೂಲೆಯಿಂದ ಉತ್ತರ ಬಂತು. ಆಮೇಲೆ ಮತ್ತೊಂದು. ನಮ್ಮ ಕಿವಿಗೆ ಹನಿ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲದ ಆ ಕೋಣೆ ಯಂತ್ರದೊಳಗೆ ತುಂಬಿ ತುಳುಕುತ್ತಿತ್ತು.

"ಆಂಟೀ..." ಎಂದಳು ಹುಡುಗಿ. ಮ್ಯಾನೇಜರ್ ಬಾಗಿಲಿಂದಲೇ ಟೋಪಿ ತೆಗೆದ, ಚರ್ಚಿನಲ್ಲಿ ನಿಂತವನಂತೆ. ಅಷ್ಟು ವಾರಗಳೂ ಇವು ಹೀಗೆ ಕೂಗುತ್ತಲೇ ಇದ್ದವು. ನಾವು ನೀರಿನ ಉಪ್ಪು ಅಳೆಯುತ್ತಿದ್ದೆವು.

"ಟೈಮ್, ಡಕ್," ಎಂದ ಮ್ಯಾನೇಜರ್, ಮೆಲ್ಲಗೆ.

ಎಲ್ಲ ಸ್ವಿಚ್ಚುಗಳನ್ನೂ ಇಳಿಸಿ, ಮೇನ್ ಏರಿಸಿ, ಆಮೇಲೆ ಒಂದೊಂದೇ ಸ್ವಿಚ್ಚು ಏರಿಸಿದೆ. ಪಂಪು: ಯಂತ್ರದಲ್ಲಿ ಬರೀ ನೀರಿನ ಸುಯ್ಯೆನ್ನುವ ಸದ್ದು, ಅದರ ಮೇಲೆ ಕಪ್ಪೆಗಳು ಸ್ಪಷ್ಟ. ಚಿಲ್ಲರ್: ಏನೂ ಇಲ್ಲ. ಬಲ್ಬುಗಳ ಸಾಲು: ಏನೂ ಇಲ್ಲ. "ನೋಡಿದ್ಯಾ! ನನ್ನ ಸಾಮಾನಿನಲ್ಲಿ ದೋಷ ಇಲ್ಲ!" ಎಂದೆ. ಆ ಕ್ಷಣದಲ್ಲೂ ನನ್ನೊಳಗಿನ ವ್ಯಾಪಾರಿ ಗೆದ್ದಿದ್ದಳು. ಕೊನೆಗೆ ಉಳಿದದ್ದು ಗೋಡೆಯ ಸಾಕೆಟ್ಟುಗಳ ಸ್ವಿಚ್ಚು. ಏರಿಸಿದೆ.

ಗರಗಸ.

ಸಾಕೆಟ್ಟಿನಲ್ಲಿ ಏನೂ ಇಲ್ಲವಲ್ಲ ಎಂದು ಮ್ಯಾನೇಜರ್ ಮಿಡತೆಯ ಡಬ್ಬಗಳನ್ನು ಸರಿಸಿದ. ಹಿಂದೆ ಹಸಿರು ದೀಪ ಉರಿಯುತ್ತಿತ್ತು.

ನಾನೂ ಹುಡುಗಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಕೇಳಿದವಳು ಅವಳು, ಕೊಟ್ಟವಳು ನಾನು. 'ಇಲಿಗೆ ಅಸಹನೀಯ, ಮನುಷ್ಯರಿಗೆ ಕೇಳಿಸುವುದೇ ಇಲ್ಲ' ಎಂದು ಆ ಪ್ಲಗ್ಗಿನ ಡಬ್ಬಿಯ ಮೇಲೆ ಅಚ್ಚಾಗಿರುವುದನ್ನು ನಾನೇ ಎಷ್ಟು ಮನೆಗಳಲ್ಲಿ ಓದಿ ಹೇಳಿಲ್ಲ! ಕೊಸರು ಎಂದರೆ ಬಿಲ್ಲಿನ ಹೊರಗಿನದು. ಬಿಲ್ಲಿನಲ್ಲಿ ಇಲ್ಲದ್ದು ನನ್ನ ತಲೆಯಲ್ಲೂ ಇರಲಿಲ್ಲ.

"ಯಾರು ಹಾಕಿದ್ದು ಇದು?" ಎಂದು ಮ್ಯಾನೇಜರ್ ಕೇಳಿದ.

"ನಾನು ಕೊಟ್ಟದ್ದು," ಎಂದೆ.

"ನಾನು ಕೇಳಿ ಇಸ್ಕೊಂಡಿದ್ದು," ಎಂದಳು ಅವಳು, ಇಂಗ್ಲಿಷಿನಲ್ಲಿ.

ಅವನು ಪ್ಲಗ್ಗನ್ನು ಕಿತ್ತು, ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗಿಟ್ಟ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಆ ವಾರವೇ ಪರಿಶೀಲನೆಗೆ ಬಂದ ಮೇಲಿನವರ ಮುಂದೆ ಹುಡುಗಿ ನಡೆದದ್ದನ್ನು ಮುಚ್ಚಿಡದೆ ಹೇಳಿ, ಅವರ ಕೈಗೇ ಬ್ಯಾಟ್ ಡಿಟೆಕ್ಟರ್ ಕೊಟ್ಟಳು. ಒಬ್ಬೊಬ್ಬರಾಗಿ ಹಿಡಿದು ಕೇಳಿದರಂತೆ. ಬೇಸಿಗೆ ಕಳೆಯುವವರೆಗೆ ಗಡುವು ಸಿಕ್ಕಿತು. ಅದು ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಫೋಟೋ ಬಂತು: ಜಲಪಾತದ ಹಿಂದಿನ ಸ್ಲೇಟಿನ ಅಡಿಯಲ್ಲಿ ಸಾಬಕ್ಕಿ ಬೆಂದಂತೆ ಅಂಟಿಕೊಂಡ ಮೊಟ್ಟೆಗಳು. ಗೊದಮೊಟ್ಟೆಗಳಾದ ಮೇಲೆ ನಾನೂ ಹೋಗಿ ನೋಡಿದೆ. ಅವುಗಳ ಹೊಟ್ಟೆಯಲ್ಲಿ ಬಟ್ಟಲಿನಂಥ ಹಿಡಿ ಇದೆ, ಅದನ್ನು ಕಲ್ಲಿಗೆ ಒತ್ತಿ, ನನ್ನ ಪಂಪಿನ ಅಷ್ಟು ರಭಸಕ್ಕೂ ಕದಲದೆ ನಿಲ್ಲುತ್ತವೆ. ಸೂಜಿಯ ಮಾತು ಈಗ ಯಾರೂ ಎತ್ತುವುದಿಲ್ಲ.

ನನ್ನ ಕೆಲಸ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಆ ಪ್ಲಗ್ಗು ಕೊಟ್ಟ ಮನೆಗಳಿಗೆಲ್ಲ ಫೋನ್ ಮಾಡಿದೆ. ಶೆಫೀಲ್ಡಿನ ಒಬ್ಬ ಡಾಕ್ಟರರ ಹೆಂಡತಿ, "ಪುಕ್ಕಟೆ ಕೊಟ್ಟಿದ್ದನ್ನ ವಾಪಸ್ ಕೇಳ್ತೀರಲ್ರೀ, ನಿಮ್ಮಂಥೋರನ್ನ ನೋಡಿಲ್ಲಪ್ಪ," ಎಂದು ನಕ್ಕರು.

"ಮನೇಲಿ ಪ್ರಾಣಿ ಏನಾದ್ರೂ ಇದೆಯೇನ್ರೀ?"

"ಮಗಳ ಹ್ಯಾಮ್‌ಸ್ಟರ್ ಇದೆ. ಅದೊಂಥರಾ ಮಂಕು, ಯಾವಾಗ್ಲೂ ಹುಲ್ಲೊಳಗೆ ಮುಖ ಹುದುಗಿಸ್ಕೊಂಡಿರತ್ತೆ."

"ಪ್ಲಗ್ಗು ಎಲ್ಲಿದೆ?"

"ಅದರ ಗೂಡಿನ ಪಕ್ಕದಲ್ಲೇ," ಎಂದರು.

ಆದ್ದರಿಂದ ನಿಮಗೆ ಹೇಳುವುದು ಇಷ್ಟೆ. ಮನೆಯಲ್ಲಿ ಮೊಲ, ಹ್ಯಾಮ್‌ಸ್ಟರ್, ಬೆಕ್ಕು, ನಾಯಿ ಏನೇ ಇರಲಿ, ಇಲಿ ಓಡಿಸುವ ಪ್ಲಗ್ಗನ್ನು ಇವತ್ತೇ ಕಿತ್ತಿಡಿ. ಇಲಿಗೆ ಗೋಡೆಯ ಸಂದುಗಳನ್ನು ಸ್ಟೀಲ್ ವುಲ್ಲಿನಿಂದ ಮುಚ್ಚಿದರೆ ಸಾಕು, ಅದು ಪುಡಿಗಾಸಿಗೆ ಸಿಗುತ್ತದೆ. ಏನಾದರೂ ಕೆಟ್ಟಿದೆ ಎನಿಸಿದರೆ ಹೊಸದನ್ನು ಕೊಳ್ಳುವ ಮೊದಲು ಇರುವುದನ್ನೆಲ್ಲ ಆರಿಸಿ, ಒಂದೊಂದಾಗಿ ಹಾಕಿ ನೋಡಿ. ಪುಕ್ಕಟೆ ಬಂದದ್ದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬೆಲೆ ಸೊನ್ನೆಯಾದರೂ ಸರಿ. ನಿಮ್ಮ ಊರಿನಲ್ಲಿ ಬಾವಲಿ ಎಣಿಸುವವರನ್ನು ಹುಡುಕಿ, ಆ ಡಿಟೆಕ್ಟರನ್ನು ಒಂದು ಸಂಜೆಗೆ ಎರವಲು ಕೇಳಿ. ಸಂಕೋಚ ಬೇಡ, ಅವರು ಒಳ್ಳೆಯವರು, ಕೊಡುತ್ತಾರೆ. ತಂದು, ಟಿವಿ ಆರಿಸಿ, ನಿಮ್ಮ ಪ್ರಾಣಿಯ ಗೂಡಿನ ಮುಂದೆ ಹಿಡಿದು, ಡಯಲನ್ನು ಅವಸರವಿಲ್ಲದೆ ತಿರುಗಿಸಿ. ಮೊದಲ ಸುತ್ತಿನಲ್ಲಿ ಏನೂ ಕೇಳಿಸದಿದ್ದರೆ ಎದ್ದು ಹೋಗಬೇಡಿ. ಇನ್ನೊಂದು ಸುತ್ತು ತಿರುಗಿಸಿ.